ಬೇವಿನ ಗಿಡ ಬೋಳು ಮಾಡುವ ದುಂಬಿಗೆ ಬೂಷ್ಟಿನ ಮದ್ದು: ಯಾರಾದರೂ ಮಾಡಿ ನೋಡಿದ್ದೀರಾ?

ಯರಿ ಹೊಲ, ಬೈಲಹೊಂಗಲ
ಜೂನ್ 6, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಬದುವಿನ ಮೇಲೆ 11 ಬೇವಿನ ಗಿಡ, 4 ಜಾಲಿ ಗಿಡ ಇವೆ. ಎಲ್ಲವೂ ಅಪ್ಪ ಹಚ್ಚಿದವು. ಹೋದ ವಾರ ಎರಡು ದೊಡ್ಡ ಮಳೆ ಆದವು. ಮೂರನೇ ದಿನ ಮುಂಜಾನೆ ಹೋಗಿ ನೋಡಿದರೆ ಬಾವಿ ಹತ್ತಿರದ ದೊಡ್ಡ ಬೇವಿನ ಗಿಡದಲ್ಲಿ ಎಲೆಯೇ ಇಲ್ಲ. ಬರೀ ಕಡ್ಡಿ ನಿಂತಿವೆ. ಹುಳು ಎಲ್ಲಿ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ.

ರಾತ್ರಿ 8 ಗಂಟೆಗೆ ಬ್ಯಾಟರಿ ಹಿಡಿದುಕೊಂಡು ಮತ್ತೆ ಹೋದೆ. ಒಂದೊಂದು ಟೊಂಗೆಗೂ ಕಂದು ಬಣ್ಣದ ದುಂಬಿಗಳು ಜೋತು ಬಿದ್ದಿದ್ದವು. ಸುಮ್ನೆ ನಿಂತರೆ ತಿನ್ನುವ ಸದ್ದು ಕೇಳುತ್ತಿತ್ತು, ಒಣ ರವದಿ (ಕಬ್ಬಿನ ಸೋಗೆ) ಮೇಲೆ ತುಂತುರು ಬಿದ್ದ ಹಾಗೆ. ಬೆಳಕು ಹರಿಯುವಷ್ಟರಲ್ಲಿ ಎಲ್ಲವೂ ಮಾಯ.

ಔಷಧದ ಅಂಗಡಿಯವರು ಟ್ರ್ಯಾಕ್ಟರ್ ಪಂಪು ಕಟ್ಟಿ ಗಿಡದ ನೆತ್ತಿಗೆ ಹೊಡೆಯಿರಿ ಅಂದರು. ಅವ್ವ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳೆ. ಆ ಎಲೆ ಆಡು ತಿನ್ನುತ್ತವೆ, ಜೋಳ ತುಂಬಿಡುವ ಹಗೇವಿಗೂ ಅದೇ ಎಲೆ ಹಾಕುತ್ತೇವೆ. ಅಲ್ಲದೆ ಬಾವಿ ಪಕ್ಕದಲ್ಲೇ ಇದೆ. ದುಂಬಿಗೆ ರೋಗ ಹಚ್ಚುವ ಬೂಷ್ಟು ಬಂದಿದೆ, ಅದನ್ನು ಬಳಸು ಅಂತ ಒಬ್ಬರು ಹೇಳಿದರು. ಖರೆ ಏನು? 30 ಅಡಿ ಗಿಡಕ್ಕೆ ಅದನ್ನು ಹೇಗೆ ಹಾಕುವುದು?

ಹಸಿರು ಹುಡಿ, ಮುಧೋಳ
ಜೂನ್ 6, ರಾತ್ರಿ 10:35

ಅಣ್ಣಾರೇ, ನಿಮ್ಮ ಅವ್ವ ಹೇಳಿದ್ದೇ ಸರಿ. ಗಿಡಕ್ಕೆ ಏನೂ ಹೊಡೆಯಬೇಡಿ. ಬೇವು ಇಷ್ಟಕ್ಕೆಲ್ಲ ಸಾಯುವುದಿಲ್ಲ, ಮಳೆ ಹಿಡಿದರೆ ಮತ್ತೆ ಚಿಗುರುತ್ತದೆ. ಒಂದು ಮಾತು ಕೇಳುತ್ತೇನೆ: ಆ ಬದುವಿನ ಆಚೆ ಈಚೆ ಕಬ್ಬು ಇದೆಯಾ?

ಇದ್ದರೆ ನಿಮ್ಮ ಚಿಂತೆ ಅಲ್ಲಿರಬೇಕು. ನೀವು ನೋಡಿದ್ದು ಗೊಣ್ಣೆ ಹುಳುವಿನ ತಾಯಿ. ಗಡಿ ಕಡೆ ಹುಮಣಿ ಅಂತಾರಲ್ಲ, ಅದೇ. ನಮ್ಮ ಭಾಗದ ಕಬ್ಬಿನಲ್ಲಿ ಜಾಸ್ತಿ ಕಾಡುವ ಜಾತಿಗೆ ಹೊಲೊಟ್ರೈಕಿಯಾ ಸೆರ್ರಾಟಾ ಅಂತ ಹೆಸರು. ವರ್ಷಕ್ಕೆ ಒಂದೇ ಪೀಳಿಗೆ. ಮುಂಗಾರಿನ ಮೊದಲ ಜೋರು ಮಳೆ ನೆಲಕ್ಕೆ ಇಳಿದ ಮೇಲೆ ಸಂಜೆ ಹೊತ್ತು ದುಂಬಿ ಮಣ್ಣಿನಿಂದ ಏಳುತ್ತದೆ. ಹತ್ತಿರದ ಬೇವು, ಜಾಲಿ, ಬಾರಿ ಗಿಡಕ್ಕೆ ಹಾರುತ್ತದೆ. ಅಲ್ಲೇ ಜೋಡಿಯಾಗುತ್ತದೆ, ರಾತ್ರಿಯೆಲ್ಲ ಎಲೆ ತಿನ್ನುತ್ತದೆ. ಕೋಳಿ ಕೂಗುವ ಹೊತ್ತಿಗೆ ಮಣ್ಣಿಗೆ ವಾಪಸ್. ನಿಮಗೆ ಹಗಲು ಒಂದೂ ಸಿಗದೆ ಹೋದದ್ದು ಅದಕ್ಕೇ. ಮೊಟ್ಟೆ ಇಡುವುದೂ ಮಣ್ಣಿನೊಳಗೆ. ಮರಿ ಕಬ್ಬಿನ ಬೇರಿಗೆ ಬಾಯಿ ಹಾಕುತ್ತದೆ. ಶ್ರಾವಣ ಕಳೆಯುವಷ್ಟರಲ್ಲಿ ಕಬ್ಬು ಹಳದಿಯಾಗಿ, ಕೈಯಿಂದ ಎಳೆದರೆ ಮೂಲಂಗಿ ಕಿತ್ತ ಹಾಗೆ ಬುಡಸಮೇತ ಬರುತ್ತದೆ.

ಈಗ ಬೂಷ್ಟಿನ ಮಾತು. ಅದರ ಹೆಸರು ಮೆಟಾರೈಜಿಯಂ. ಹಸಿರು ಬೂಷ್ಟು. 6 ವರ್ಷದಿಂದ ನಮ್ಮ ಕಬ್ಬಿನಲ್ಲಿ ಹಾಕುತ್ತಿದ್ದೇನೆ. ನನ್ನ ಅನುಭವದಲ್ಲಿ ಇದನ್ನು ಕೊಡಬೇಕಾದ ಜಾಗ ಗಿಡದ ನೆತ್ತಿಯಲ್ಲ. ದುಂಬಿ ಗಿಡದ ಮೇಲಿರುವುದು ವರ್ಷದಲ್ಲಿ ಕೆಲವು ರಾತ್ರಿ ಮಾತ್ರ. ಉಳಿದ ಬದುಕೆಲ್ಲ ಮಣ್ಣಿನಲ್ಲೇ. ಬೂಷ್ಟಿಗೂ ಮಣ್ಣೇ ಮನೆ. ತಂಪು, ಹಸಿ, ಕತ್ತಲೆ ಎಲ್ಲವೂ ಅಲ್ಲಿದೆ. ಬಿಸಿಲಿನಲ್ಲಿ ಎಲೆ ಮೇಲೆ ಬಿದ್ದ ಬೂಷ್ಟಿನ ಬೀಜ ಕೆಲವೇ ತಾಸಿನಲ್ಲಿ ಸಾಯುತ್ತದೆ.

ಅಥಣಿ ಕಾಕಾ
ಜೂನ್ 7, ಬೆಳಗ್ಗೆ 6:15

ತಮ್ಮಾ, ನಾವು ಮೊದಲು ಫೋರೇಟ್ ಅನ್ನುವ ಕೀಟನಾಶಕದ ಹರಳು ಹಾಕುತ್ತಿದ್ದೆವು. ಆ ವಾಸನೆಗೆ ಒಂದು ಸಲ ಹೊಲದಲ್ಲೇ ತಲೆ ತಿರುಗಿ ಕೂತಿದ್ದೆ. 2018ರಲ್ಲಿ ಸರ್ಕಾರದ ಆದೇಶ ಬಂತು, 2020ರ ಡಿಸೆಂಬರ್ 31ರಿಂದ ಅದು ಪೂರ್ತಿ ಬಂದ್. ಬಂದ್ ಆದದ್ದು ಒಳ್ಳೆಯದೇ ಆಯಿತು.

ಆದರೆ ಹೇಳುತ್ತೇನೆ ಕೇಳಿ. ಬೂಷ್ಟು ಹಾಕುವುದಕ್ಕಿಂತ ಮೊದಲು ಈಗ, ಈ ವಾರವೇ ಮಾಡುವ ಕೆಲಸ ಒಂದಿದೆ. ಸಂಜೆ 7:30ರ ಮೇಲೆ ಬೇವಿನ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ. ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಟೊಂಗೆ ಜಾಡಿಸಿ. ಪಟಪಟ ಬೀಳುತ್ತವೆ. ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್‌ಗೆ ಹಾಕಿ. ಒಂದು ಹೆಣ್ಣು ದುಂಬಿ ಮೊಟ್ಟೆ ಇಡುವ ಮೊದಲೇ ಸಿಕ್ಕಿತು ಅಂದರೆ ಅದರ ಸಂಸಾರವೆಲ್ಲ ಅಲ್ಲಿಗೇ ನಿಂತಿತು. ನಮ್ಮ ಊರಲ್ಲಿ ಮೂರು ವರ್ಷ ಓಣಿಯ ಹುಡುಗರೆಲ್ಲ ಸೇರಿ ಮಾಡಿದೆವು. ಒಬ್ಬನೇ ಮಾಡಿದರೆ ಫಲ ಕಡಿಮೆ, ಯಾಕೆಂದರೆ ಅದಕ್ಕೆ ರೆಕ್ಕೆ ಇದೆ, ಪಕ್ಕದವನ ಹೊಲದಿಂದ ಬರುತ್ತದೆ.

ಹಸಿರು ಹುಡಿ, ಮುಧೋಳ
ಜೂನ್ 7, ಬೆಳಗ್ಗೆ 7:02

ಕಾಕಾರೇ, ನೂರಕ್ಕೆ ನೂರು ಸರಿ. ಬೂಷ್ಟು ದುಂಬಿ ಆರಿಸುವ ಕೆಲಸಕ್ಕೆ ಬದಲಿ ಅಲ್ಲ. ಎರಡೂ ಬೇಕು. ಉಳಿದು ಮೊಟ್ಟೆ ಇಟ್ಟವುಗಳ ಮರಿಗೆ ಬೂಷ್ಟು.

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ (ಊರು ಸವದತ್ತಿ)
ಜೂನ್ 7, ಮಧ್ಯಾಹ್ನ 1:20

ನಾನು ಓದುತ್ತಿರುವುದು ಇದನ್ನೇ. ಬೂಷ್ಟು ಹೇಗೆ ಕೊಲ್ಲುತ್ತದೆ ಅಂತ ಗೊತ್ತಾದರೆ ಯಾವಾಗ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಬ್ಯಾಕ್ಟೀರಿಯಾ, ವೈರಸ್ ಮದ್ದುಗಳು ಹುಳುವಿನ ಹೊಟ್ಟೆಗೆ ಹೋಗಬೇಕು. ಶಿಲೀಂಧ್ರಕ್ಕೆ, ಅಂದರೆ ಬೂಷ್ಟಿಗೆ, ಹಾಗಿಲ್ಲ, ಮೈಗೆ ಹತ್ತಿದರೆ ಸಾಕು. ಅದರ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹಸಿ ಇದ್ದರೆ ಒಂದು ದಿನದೊಳಗೆ ಮೊಳಕೆ ಒಡೆಯುತ್ತದೆ. ಮೊಳಕೆಯ ತುದಿ ಉಬ್ಬಿ ಚರ್ಮವನ್ನು ಒತ್ತುತ್ತದೆ, ಜೊತೆಗೆ ಚರ್ಮ ಕರಗಿಸುವ ರಸ ಬಿಡುತ್ತದೆ. ಹಾಗೆ ತೂತು ಮಾಡಿ ಒಳಗೆ ಹೋಗಿ ರಕ್ತದಲ್ಲಿ ಬೆಳೆಯುತ್ತದೆ. ಹುಳು ಮೇವು ಬಿಡುತ್ತದೆ, ಮಂಕಾಗುತ್ತದೆ. ಸಾಮಾನ್ಯವಾಗಿ 4ರಿಂದ 10 ದಿನದಲ್ಲಿ ಸಾಯುತ್ತದೆ, ದೊಡ್ಡ ಹುಳು ಇನ್ನೂ ತಡ. ಸತ್ತ ಮೇಲೆ ಸುತ್ತ ಹಸಿ ಇದ್ದರೆ ಬೂಷ್ಟು ಹೊರಗೆ ಬಂದು ಹೊಸ ಬೀಜಕಣ ಬಿಡುತ್ತದೆ. ಮೆಟಾರೈಜಿಯಂ ಮೊದಲು ಬಿಳಿ, ಆಮೇಲೆ ಹಸಿರು. ಬ್ಯೂವೇರಿಯಾ ಅನ್ನುವ ಇನ್ನೊಂದು ಕೊನೆವರೆಗೂ ಬಿಳಿಯೇ.

ಹಾಗಾಗಿ ಮೂರು ವಿಷಯ ಮುಖ್ಯ. ಹಸಿ ಬೇಕು. ಬಿಸಿ 25ರಿಂದ 30 ಡಿಗ್ರಿ ಇದ್ದರೆ ಚೆನ್ನ, 35 ದಾಟಿದರೆ ಬೆಳವಣಿಗೆ ಕುಂಠಿತ. ಏಪ್ರಿಲ್‌ನ ವಿಜಯಪುರದ ಬಿಸಿ ನೆಲಕ್ಕೆ ಹಾಕಿದರೆ ದುಡ್ಡು ಮಣ್ಣಿಗೆ ಸುರಿದ ಹಾಗೆಯೇ. ಮೂರನೆಯದು ಹುಳುವಿನ ವಯಸ್ಸು. ಮರಿ ಎರಡು ಸಲ ಪೊರೆ ಬಿಟ್ಟು ಮೂರು ಹಂತ ದಾಟುತ್ತದೆ. ಮೊದಲ ಹಂತದಲ್ಲಿ ಚರ್ಮ ತೆಳು, ಸುಲಭವಾಗಿ ಸಾಯುತ್ತದೆ. ಮೂರನೇ ಹಂತದ ದಪ್ಪ ಹುಳು ಗಟ್ಟಿ. ಆದರೆ ನಮ್ಮ ರೈತರಿಗೆ ಕಾಣುವುದೇ ಆ ಮೂರನೇ ಹಂತದ್ದು. ಕಬ್ಬು ಒಣಗಿದ ಮೇಲೆ ಅಂಗಡಿಗೆ ಹೋಗಿ, ಬೂಷ್ಟು ತಂದು ಹಾಕಿ, ಇದು ಕೆಲಸ ಮಾಡಲಿಲ್ಲ ಅಂತಾರೆ. ಕೆಲಸ ಮಾಡಬೇಕಾದ ಸಮಯ ಅಷ್ಟರಲ್ಲಿ ಕಳೆದಿರುತ್ತದೆ.

ಹೊಸ ವಿದ್ಯೆ ಅಂತ ಹೆದರಬೇಡಿ. ರಷ್ಯನ್ ವಿಜ್ಞಾನಿ ಮೆಚ್ನಿಕಾಫ್ ಒಡೆಸ್ಸಾ ಕಡೆಯ ಗೋಧಿ ದುಂಬಿಗೆ ಇದೇ ಹಸಿರು ಬೂಷ್ಟನ್ನು ಪ್ರಯೋಗ ಮಾಡಿ ಬರೆದದ್ದು 1879ರಲ್ಲಿ. ಆ ದುಂಬಿಯ ಹೆಸರು ಅನಿಸೊಪ್ಲಿಯಾ. ಮೆಟಾರೈಜಿಯಂ ಅನಿಸೊಪ್ಲಿಯೆ ಅಂತ ಪೊಟ್ಟಣದ ಮೇಲೆ ಇರುತ್ತದಲ್ಲ, ಆ ಎರಡನೇ ಹೆಸರು ಬಂದದ್ದು ಅಲ್ಲಿಂದ.

ಹಿಪ್ಪುನೇರಳೆ ಅಕ್ಕ, ಗೋಕಾಕ
ಜೂನ್ 7, ಸಂಜೆ 4:45

ದಯವಿಟ್ಟು ಎಲ್ಲರೂ ಇದನ್ನು ಓದಿ. ನಮ್ಮದು ರೇಷ್ಮೆ. ನೀವು ಬ್ಯೂವೇರಿಯಾ ಅಂತ ಇಷ್ಟು ಸಲೀಸಾಗಿ ಬರೆಯುತ್ತಿದ್ದೀರಿ. ನಮಗೆ ಅದರ ಹೆಸರು ಸುಣ್ಣಕಟ್ಟು ರೋಗ. ಹುಳು ಸತ್ತು ಸುಣ್ಣದ ಕಡ್ಡಿ ಹಾಗೆ ಗಟ್ಟಿಯಾಗುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಒಂದು ಮಳೆಗಾಲದಲ್ಲಿ ಒಂದು ಪೂರ್ತಿ ಬೆಳೆ ಕಳೆದುಕೊಂಡಿದ್ದೇನೆ. ಐದನೇ ಹಂತಕ್ಕೆ ಬಂದ ಹುಳುಗಳು. ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ನಾಲ್ಕು ದಿನ ಬಾಕಿ ಇತ್ತು. ಬುಟ್ಟಿ ಬುಟ್ಟಿ ಹೊತ್ತೊಯ್ದು ಸುಟ್ಟೆವು.

ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಹುಳು ಮನೆ ಇದ್ದರೆ ಬ್ಯೂವೇರಿಯಾ ಸಿಂಪಡಿಸಬೇಡಿ. ಗಾಳಿಗೆ ಬರುತ್ತದೆ.

ಕೀಟಶಾಸ್ತ್ರ ವಿದ್ಯಾರ್ಥಿನಿ
ಜೂನ್ 7, ಸಂಜೆ 5:30

ಅಕ್ಕಾರೇ, ನೀವು ಹೇಳಿದ್ದು ಬಹಳ ಮುಖ್ಯ, ನಾನೇ ಮೊದಲು ಬರೆಯಬೇಕಿತ್ತು. ಈ ವಿದ್ಯೆ ಶುರುವಾದದ್ದೇ ನಿಮ್ಮ ರೇಷ್ಮೆ ಹುಳುವಿನಿಂದ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಈ ಸುಣ್ಣಕಟ್ಟು ರೋಗ ಒಂದು ಬೂಷ್ಟಿನಿಂದ, ಒಂದರಿಂದ ಒಂದಕ್ಕೆ ಹತ್ತಿ ಬರುತ್ತದೆ ಅಂತ ತೋರಿಸಿದರು. ಒಂದು ಪ್ರಾಣಿಯ ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣ ಅಂತ ಹಾಗೆ ಸಾಬೀತಾದದ್ದು ಅಲ್ಲೇ ಮೊದಲು. ಬ್ಯೂವೇರಿಯಾ ಬ್ಯಾಸಿಯಾನಾ ಅನ್ನುವುದರಲ್ಲಿ ಎರಡನೇ ಹೆಸರು ಅವರದ್ದೇ. ಮೆಟಾರೈಜಿಯಂ ಕೂಡ ರೇಷ್ಮೆ ಹುಳುವಿಗೆ ಹತ್ತಬಹುದು. ಮಣ್ಣಿನೊಳಗೆ ಹಾಕಿ ಮುಚ್ಚಿದರೆ ಗಾಳಿಗೆ ಏಳುವುದು ಕಡಿಮೆ, ಆದರೂ ಹುಳು ಮನೆಯಿಂದ ದೂರವೇ ಇರಲಿ. ಅದನ್ನು ಕಲಸಿದ ಬಟ್ಟೆ, ಕೈಯಲ್ಲಿ ಹುಳು ಮನೆಗೆ ಹೋಗಬೇಡಿ.

ಮನುಷ್ಯರಿಗೂ ಒಂದು ಮಾತು. ಒಣ ಪುಡಿ ಮೂಗಿಗೆ ಹೋದರೆ ಕೆಲವರಿಗೆ ಅಲರ್ಜಿ, ಕೆಮ್ಮು ಬರುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡೇ ಕಲಸಿ.

ತಿಕೋಟಾ ದಾಳಿಂಬೆ
ಜೂನ್ 8, ರಾತ್ರಿ 8:10

ನಮ್ಮ ಕಡೆ ಬೇರೆಯೇ ದುಂಬಿ. 3 ಎಕರೆ ದಾಳಿಂಬೆ ಇದೆ. ಕಾಂಡದ ಬುಡದಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ತೂತುಗಳು. ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ. ಒಂದು ಟೊಂಗೆ ಹಳದಿಯಾಗುತ್ತದೆ, ನೋಡನೋಡುತ್ತಾ ಇಡೀ ಗಿಡ ಸೊರಗುತ್ತದೆ. ಈ ವರ್ಷ 40 ಗಿಡ ಕಿತ್ತು ಹಾಕಿದೆ. ಬ್ಯೂವೇರಿಯಾ ತಂದು ಎರಡು ಸಲ ಹೊಡೆದೆ. ಏನೂ ಆಗಲಿಲ್ಲ. ನಿಮ್ಮ ಮಾತು ಕೇಳಿ ನಂಬಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಹಸಿರು ಹುಡಿ, ಮುಧೋಳ
ಜೂನ್ 8, ರಾತ್ರಿ 9:00

40 ಗಿಡ ಅಂದರೆ ಎಷ್ಟು ವರ್ಷದ ದುಡಿಮೆ. ಓದಿ ಸಂಕಟವಾಯಿತು. ಬಾಗಲಕೋಟೆ ಕಡೆಯೂ ಇದೇ ಕಥೆ ಕೇಳಿದ್ದೇನೆ. ದಾಳಿಂಬೆಗೆ ನೀವು ಬೋರ್ಡೋ ದ್ರಾವಣ ಹೊಡೆಯುತ್ತೀರಿ ಅಲ್ವಾ? ದುಂಡಾಣು ಅಂಗಮಾರಿ ರೋಗಕ್ಕೆ ಎಲ್ಲರೂ ಹೊಡೆಯುತ್ತಾರೆ. ಬ್ಯೂವೇರಿಯಾ ಹೊಡೆದ ಎಷ್ಟು ದಿನಕ್ಕೆ ಬೋರ್ಡೋ ಹೊಡೆದಿರಿ?

ತಿಕೋಟಾ ದಾಳಿಂಬೆ
ಜೂನ್ 8, ರಾತ್ರಿ 9:12

ಮೂರನೇ ದಿನಕ್ಕೆ. ಕಾಂಡಕ್ಕೆ ಕೆಮ್ಮಣ್ಣು, ಕಾಪರ್, ಕೀಟನಾಶಕ ಕಲಸಿ ಬಳಿದದ್ದೂ ಇದೆ.

ಕೀಟಶಾಸ್ತ್ರ ವಿದ್ಯಾರ್ಥಿನಿ
ಜೂನ್ 8, ರಾತ್ರಿ 10:05

ಅಣ್ಣಾರೇ, ನಿಮ್ಮ ತಪ್ಪಿಲ್ಲ, ಇದನ್ನು ಪೊಟ್ಟಣ ಮಾರುವವರು ಹೇಳಬೇಕಿತ್ತು. ಬ್ಯೂವೇರಿಯಾ ಒಂದು ಶಿಲೀಂಧ್ರ. ಬೋರ್ಡೋ, ಕಾಪರ್, ಕಾರ್ಬೆಂಡಜಿಮ್ ಇವೆಲ್ಲ ಶಿಲೀಂಧ್ರನಾಶಕ. ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕಿತ್ತ ಹಾಗಾಯಿತು.

ಅದಕ್ಕಿಂತ ದೊಡ್ಡ ತೊಡಕು ಆ ದುಂಬಿಯ ಬದುಕಿನಲ್ಲೇ ಇದೆ. ಅದು ಮರ ಕೊರೆಯುತ್ತದೆ, ಆದರೆ ಮರ ತಿನ್ನುವುದಿಲ್ಲ. ಎರಡು ಮಿಲಿಮೀಟರ್ ಆಸುಪಾಸಿನ ಹೆಣ್ಣು ದುಂಬಿ ತನ್ನ ಮೈಯಲ್ಲಿರುವ ಸಣ್ಣ ಚೀಲದಲ್ಲಿ ಒಂದು ಬೂಷ್ಟಿನ ಬೀಜ ಹೊತ್ತು ತರುತ್ತದೆ. ಸುರಂಗ ಕೊರೆದು ಅದರ ಗೋಡೆಗೆ ಬೂಷ್ಟು ಬಿತ್ತುತ್ತದೆ. ಆ ಬೂಷ್ಟೇ ಅದಕ್ಕೂ ಮರಿಗೂ ಊಟ. ನಾವು ಜೋಳ ಬೆಳೆದ ಹಾಗೆ ಅದು ಬೂಷ್ಟು ಬೆಳೆಯುತ್ತದೆ. ಮರಿಗಳು ಹುಟ್ಟಿ, ಬೆಳೆದು, ಜೋಡಿಯಾಗುವುದೂ ಸುರಂಗದೊಳಗೆ. ಗಂಡಿಗೆ ಹಾರಲು ಬರುವುದಿಲ್ಲ. ಹೊರಗೆ ಬರುವುದು ಹೊಸ ಮನೆ ಹುಡುಕುವ ಹೆಣ್ಣು ಮಾತ್ರ. ಹಾಗಾಗಿ ತೊಗಟೆ ಮೇಲೆ ಏನೇ ಹೊಡೆದರೂ ಒಳಗಿರುವುದಕ್ಕೆ ತಾಗುವುದಿಲ್ಲ. ತಾಗುವುದು ಹೊಸದಾಗಿ ಬಂದು ಕೊರೆಯಲು ಕೂತ ಹೆಣ್ಣಿಗೆ. ಹೊರದೇಶದಲ್ಲಿ ಈ ಗುಂಪಿನ ದುಂಬಿಗಳ ಮೇಲೆ ಬ್ಯೂವೇರಿಯಾ, ಮೆಟಾರೈಜಿಯಂ ಪ್ರಯೋಗ ಮಾಡಿದ್ದಾರೆ. ರೋಗ ಹತ್ತಿದ ಹೆಣ್ಣು ಸುರಂಗ ಕೊರೆದರೂ ಅದರ ಸಂತಾನ ಕಡಿಮೆಯಾಗುತ್ತದೆ. ಅದು ಮುಂದಿನ ಪೀಳಿಗೆ ಕಡಿಮೆ ಮಾಡುವ ದಾರಿ, ಇವತ್ತು ಸೊರಗಿದ ಗಿಡ ಉಳಿಸುವ ದಾರಿ ಅಲ್ಲ.

ನಿಮ್ಮ ಗಿಡ ಸಾಯುತ್ತಿರುವುದು ದುಂಬಿಯಿಂದಲೇ ಅಂತಲೂ ಹೇಳಲಾಗದು. ಸೆರಟೊಸಿಸ್ಟಿಸ್ ಅನ್ನುವ ಸೊರಗು ರೋಗದ ಶಿಲೀಂಧ್ರ ದಾಳಿಂಬೆಯಲ್ಲಿ ದೊಡ್ಡ ಕೊಲೆಗಾರ. ದಾಳಿಂಬೆ ಸೊರಗು ಮೊದಲು ಗಮನಕ್ಕೆ ಬಂದದ್ದೇ ನಿಮ್ಮ ವಿಜಯಪುರ ಜಿಲ್ಲೆಯಲ್ಲಿ, 1990ರ ಸುಮಾರಿಗೆ. ಸೊರಗಿದ ಗಿಡದ ಕಾಂಡ ಅಡ್ಡ ಕತ್ತರಿಸಿ ನೋಡಿ. ಒಳಗೆ ಕಂದು, ಬೂದು ಕಲೆ ಹರಡಿದ್ದರೆ ಅದನ್ನು ಚೀಲದಲ್ಲಿ ಕಟ್ಟಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ತೋರಿಸಿ. ಈ ಗುಂಪಿನ ಅನೇಕ ದುಂಬಿಗಳು ಗಟ್ಟಿ ಗಿಡ ಬಿಟ್ಟು, ಕುಗ್ಗಿದ ಗಿಡದ ವಾಸನೆ ಹಿಡಿದು ಬರುತ್ತವೆ. ರೋಗ ಮೊದಲೋ ದುಂಬಿ ಮೊದಲೋ ಅನ್ನುವುದು ತಿಳಿಯಬೇಕು. ಕಿತ್ತ 40 ಗಿಡ ಬದುವಿನ ಮೇಲೆ ಇಟ್ಟಿದ್ದರೆ ಇವತ್ತೇ ಸುಡಿ. ದುಂಬಿ ಇನ್ನೂ ಅದರೊಳಗೇ ಇದೆ.

ತಿಕೋಟಾ ದಾಳಿಂಬೆ
ಜೂನ್ 8, ರಾತ್ರಿ 10:20

ಬದುವಿನ ಮೇಲೆಯೇ ಇವೆ, ಉರುವಲಿಗೆ ಅಂತ. ಬೆಳಗ್ಗೆ ಸುಡುತ್ತೇನೆ.

ಖಾನಾಪುರ ಕಾಡಂಚು
ಜೂನ್ 10, ರಾತ್ರಿ 9:30

ನಮ್ಮ ಮನೆ ಕಾಡಿನ ಅಂಚಿಗೆ, ಭೀಮಗಡ ಅಭಯಾರಣ್ಯದ ಕಡೆ. ಇಲ್ಲಿ ಮಳೆ, ಹಸಿ ಬೇಕಾದಷ್ಟಿದೆ. ಹೊಲದಲ್ಲಿ ಆಗುವುದು ಕಾಡಿನಲ್ಲಿ ಯಾಕೆ ಆಗಬಾರದು? ಸಾಗುವಾನಿ, ಮತ್ತಿ ಮರ ಕೊರೆಯುವ ಉದ್ದ ಮೀಸೆಯ ದುಂಬಿಗಳಿಗೆ ಈ ಬೂಷ್ಟು ಬಿಟ್ಟರೆ ತಾನೇ ಹರಡಿಕೊಂಡು ಹೋಗುವುದಿಲ್ಲವೇ?

ಕೀಟಶಾಸ್ತ್ರ ವಿದ್ಯಾರ್ಥಿನಿ
ಜೂನ್ 10, ರಾತ್ರಿ 11:00

ನೀವು ಹೇಳುವ ಕಾಡಿನಲ್ಲಿ ಈ ಬೂಷ್ಟು ಈಗಾಗಲೇ ಇದೆ. ಮೆಟಾರೈಜಿಯಂ, ಬ್ಯೂವೇರಿಯಾ ಎರಡೂ ಮಣ್ಣಿನ ಸಹಜ ಜೀವಿಗಳು. ಮಳೆಗಾಲದಲ್ಲಿ ಒದ್ದೆ ಎಲೆಯ ಕೆಳಗೆ ಬಿಳಿ ಬೂಷ್ಟು ಹಿಡಿದು ಸತ್ತ ದುಂಬಿ, ಜಿಟ್ಟೆ ನೋಡಿರುತ್ತೀರಿ. ಕಾಡಿನಲ್ಲಿ ನೂರಾರು ಜಾತಿ ದುಂಬಿಗಳಿವೆ. ಬಿದ್ದ ಮರವನ್ನು ಮಣ್ಣು ಮಾಡುವವೂ ಅವೇ, ಮರಕುಟಿಗನ ಊಟವೂ ಅವೇ. ಅವಕ್ಕೆಲ್ಲ ಬೂಷ್ಟು ಎರಚುವುದು ತಪ್ಪು. ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಮಾಡುವಂತೆಯೂ ಇಲ್ಲ.

ಬೇರೆ ದೇಶಗಳಲ್ಲಿ ಮರದ ದುಂಬಿಗೆ ಬೂಷ್ಟು ಮುಟ್ಟಿಸಲು ಮಾಡಿದ ಉಪಾಯಗಳು ನನಗೆ ಬಹಳ ಇಷ್ಟ. ಜಪಾನಿನಲ್ಲಿ ಬ್ಯೂವೇರಿಯಾದ ಅಣ್ಣತಮ್ಮನಂಥ ಇನ್ನೊಂದು ಬೂಷ್ಟನ್ನು ಬಟ್ಟೆಯ ಪಟ್ಟಿಯ ಮೇಲೆ ಬೆಳೆಸುತ್ತಾರೆ. ಆ ಪಟ್ಟಿಯನ್ನು ಮರದ ಕಾಂಡಕ್ಕೆ, ಟೊಂಗೆಯ ಕವಲಿಗೆ ಕಟ್ಟುತ್ತಾರೆ. ಉದ್ದ ಮೀಸೆಯ ದುಂಬಿ ಕಾಂಡದ ಮೇಲೆ ಓಡಾಡುವಾಗ ಪಟ್ಟಿ ದಾಟುತ್ತದೆ, ಕಾಲಿಗೆ ಬೀಜಕಣ ಮೆತ್ತಿಕೊಳ್ಳುತ್ತದೆ. ಯುರೋಪಿನಲ್ಲಿ ಸ್ಪ್ರೂಸ್ ಮರದ ತೊಗಟೆ ದುಂಬಿಗೆ ವಾಸನೆಯ ಬಲೆ ಇಟ್ಟು, ಬಲೆಯೊಳಗೆ ಬ್ಯೂವೇರಿಯಾ ಪುಡಿ ಹಾಕಿ, ಬಂದ ದುಂಬಿಯನ್ನು ವಾಪಸ್ ಹೋಗಲು ಬಿಟ್ಟು ನೋಡಿದ್ದಾರೆ. ಅದು ಹೋಗಿ ಜೊತೆಯವಕ್ಕೆ ಹಚ್ಚುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನಮ್ಮ ಗೊಣ್ಣೆ ಹುಳುವಿನ ನೆಂಟನಿಗೆ ಜವೆಗೋಧಿಯ ಮೇಲೆ ಬೂಷ್ಟು ಬೆಳೆಸಿ ಹುಲ್ಲುಗಾವಲಿನ ಮಣ್ಣಿಗೆ ಬಿತ್ತುತ್ತಾರೆ.

ನಮ್ಮ ದೇಶದ ಕಾಡಿನ ದೊಡ್ಡ ಪಾಠ ಮಧ್ಯಪ್ರದೇಶದ ಸಾಲ್ ಮರದ್ದು. 1990ರ ದಶಕದ ಕೊನೆಯಲ್ಲಿ ಮಂಡ್ಲಾ ಕಡೆ ಕಾಂಡ ಕೊರಕ ದುಂಬಿ ಲಕ್ಷಾಂತರ ಮರ ಹಾಳು ಮಾಡಿತು. ಅಲ್ಲಿ ಬಳಸುವ ಹಳೆ ಉಪಾಯ, ಒಂದು ಮರ ಕಡಿದು ತುಂಡುಗಳ ತೊಗಟೆ ಜಜ್ಜಿ ಇಡುವುದು. ರಸದ ವಾಸನೆಗೆ ದುಂಬಿ ಬಂದು ಕೂರುತ್ತದೆ, ಜನ ಆರಿಸಿ ಕೊಲ್ಲುತ್ತಾರೆ. ಅಥಣಿ ಕಾಕಾ ಹೇಳಿದ ಕೆಲಸವೇ. ಕಾಡಿಗೆ ಬೂಷ್ಟು ಅನ್ನುವುದು ಇನ್ನೂ ಕಲಿಯುತ್ತಿರುವ ವಿದ್ಯೆ. ಹೊಲದ ಬದುವಿನ ಮರಕ್ಕೆ, ತೋಟಕ್ಕೆ, ತಿಪ್ಪೆಗೆ ಇವತ್ತೇ ಮಾಡಬಹುದು.

ಖಾನಾಪುರ ಕಾಡಂಚು
ಜೂನ್ 11, ಬೆಳಗ್ಗೆ 6:40

ತಿಪ್ಪೆಗೆ ಅಂದಿರಲ್ಲ, ನಮ್ಮ ತಿಪ್ಪೆಯಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳಿವೆ. ತೆಂಗಿನ ಸುಳಿಯೂ ಕತ್ತರಿಸಿದ ಹಾಗೆ ಆಗಿದೆ.

ಹಸಿರು ಹುಡಿ, ಮುಧೋಳ
ಜೂನ್ 11, ಬೆಳಗ್ಗೆ 7:30

ಅದು ಕುರುವಾಯಿ ದುಂಬಿ ಇರಬೇಕು, ಮೂಗಿನ ಮೇಲೆ ಕೊಂಬಿರುವ ಕಪ್ಪು ದುಂಬಿ. ತೆಂಗಿನ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಕೋನ ಕತ್ತರಿಸಿದ ಹಾಗೆ ಕಂಡರೆ ಅದರದ್ದೇ ಕೆಲಸ. ದುಂಬಿ ತೆಂಗಿನ ತಲೆಯಲ್ಲಿ, ಮರಿ ತಿಪ್ಪೆಯಲ್ಲಿ. ಇಲ್ಲೂ ಮರ ಹತ್ತಬೇಕಿಲ್ಲ. ಮೆಟಾರೈಜಿಯಂ ನೀರಿನಲ್ಲಿ ಕಲಸಿ ತಿಪ್ಪೆಗೆ ಹಾಕಿ ಮಗುಚಿ, ಹಸಿ ಆರದ ಹಾಗೆ ನೋಡಿಕೊಳ್ಳಿ. ಕೊಳೆತ ತೆಂಗಿನ ಕೊರಡು ಬಿದ್ದಿದ್ದರೆ ಅದಕ್ಕೂ.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಹುಳುವನ್ನು ಗಟ್ಟಿ ನೆಲದ ಮೇಲೆ ಬಿಡಿ. ಅದು ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿಕೊಂಡು ಸರಸರ ಹೋಯಿತು ಅಂದರೆ ಅದು ಹೂವಿನ ದುಂಬಿಯ ಮರಿ. ಸಗಣಿ, ಕಸ ತಿಂದು ಗೊಬ್ಬರ ಮಾಡುತ್ತದೆ. ಅದು ಬೇರಿಗೆ ಬಾಯಿ ಹಾಕುವುದಿಲ್ಲ, ಬಿಟ್ಟುಬಿಡಿ. ಮಗ್ಗುಲಿಗೆ ಮಲಗಿ ಬಿಲ್ಲಿನ ಹಾಗೆ ಬಾಗಿಕೊಂಡರೆ ನಮ್ಮ ವೈರಿ. ಇದನ್ನು ತಿಳಿಯದೆ ಮೊದಲ ವರ್ಷ ನಾನು ಒಂದು ಬುಟ್ಟಿ ಒಳ್ಳೆ ಹುಳು ಕೊಂದಿದ್ದೇನೆ. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಯರಿ ಹೊಲ, ಬೈಲಹೊಂಗಲ
ಜೂನ್ 14, ರಾತ್ರಿ 9:15

ಕಾಕಾ ಹೇಳಿದ ಹಾಗೆ 5 ರಾತ್ರಿ ಜಾಡಿಸಿದೆವು. ಎರಡು ಮನೆಯವರು ಜೊತೆಗೆ ಬಂದರು. ಈಗ ಮೆಟಾರೈಜಿಯಂ ಎಷ್ಟು, ಹೇಗೆ ಹಾಕಬೇಕು ಹೇಳಿ. ಒಂದು ಅಂಗಡಿಯಲ್ಲಿ ಪೊಟ್ಟಣ ತಂದಿದ್ದೆ. ಬಿಸಿಲು ಬೀಳುವ ಷೋಕೇಸಿನಲ್ಲಿ ಇಟ್ಟಿದ್ದರು. ತಾರೀಖು ನೋಡಿದರೆ ಮುಗಿದು ಎರಡು ತಿಂಗಳಾಗಿದೆ. ವಾಪಸ್ ಒಯ್ದರೆ ತೆಗೆದುಕೊಳ್ಳಲಿಲ್ಲ.

ಹಸಿರು ಹುಡಿ, ಮುಧೋಳ
ಜೂನ್ 14, ರಾತ್ರಿ 10:10

ಇದೇ ನೋಡಿ ಈ ಕೆಲಸದಲ್ಲಿ ನನಗೆ ಜಾಸ್ತಿ ಸಿಟ್ಟು ತರಿಸುವುದು. ರಸಗೊಬ್ಬರದ ಚೀಲ ಒಣ ಜಾಗದಲ್ಲಿಟ್ಟರೆ ಸಾಕು. ಇದು ಜೀವ ಇರುವ ವಸ್ತು. ಬಿಸಿಲಿನಲ್ಲಿಟ್ಟರೆ ಪೊಟ್ಟಣದೊಳಗೆ ಬರೀ ಸತ್ತ ಪುಡಿ ಉಳಿಯುತ್ತದೆ. ರೈತ ಸತ್ತ ಬೂಷ್ಟು ಹಾಕಿ, ಜೈವಿಕ ಅಂದರೆ ಮೋಸ ಅಂತ ತಿಳಿಯುತ್ತಾನೆ.

ಪೊಟ್ಟಣದ ಮೇಲೆ ಒಂದು ಗ್ರಾಂಗೆ ಕನಿಷ್ಠ 10 ಕೋಟಿ ಜೀವಕಣ ಅಂತ ಇರಬೇಕು, 1 ಗುಣಿಸು 10ರ ಘಾತ 8 (1×10⁸) ಅಂತ ಬರೆದಿರುತ್ತಾರೆ. ತಯಾರಾದ ತಾರೀಖು, ನೋಂದಣಿ ಸಂಖ್ಯೆ ನೋಡಿ. ಮನೆಯಲ್ಲಿ ಪರೀಕ್ಷೆ ಮಾಡಲು ಒಂದು ಹಿಡಿ ಜೋಳ ಅರ್ಧ ಬೇಯಿಸಿ, ನೀರು ಬಸಿದು, ಗಾಜಿನ ಬಾಟಲಿಗೆ ಹಾಕಿ ಅರಳೆ ಬಿರಡೆ ಹಾಕಿ. ಕುಕ್ಕರಿನಲ್ಲಿ ಅರ್ಧ ತಾಸಿನ ಮೇಲೆ ಆವಿ ಕೊಡಿ. ಆರಿದ ಮೇಲೆ ಪುಡಿ ಒಂದು ಚಿಟಿಕೆ ಹಾಕಿ ನೆರಳಿನಲ್ಲಿಡಿ. ವಾರದಲ್ಲಿ ಜೋಳಕ್ಕೆ ಬಿಳಿ ಹತ್ತಿಯಂಥದ್ದು ಕವಿದು, ಎರಡು ವಾರದೊಳಗೆ ಕಡು ಹಸಿರಾದರೆ ಜೀವ ಇದೆ. ಕಪ್ಪು, ಕಿತ್ತಳೆ ಬಣ್ಣ ಬಂದರೆ ಕಲಬೆರಕೆ. ಸುಟ್ಟುಬಿಡಿ, ಮೂಸಿ ನೋಡಬೇಡಿ. ಬಿರಡೆ ತೆಗೆದಾಗ ಹಸಿರು ಹುಡಿ ಹೊಗೆಯಂತೆ ಏಳುತ್ತದೆ, ನಾನು ಇಲ್ಲಿ ಇಟ್ಟುಕೊಂಡ ಹೆಸರು ಅದರದ್ದೇ.

ಹಾಕುವ ರೀತಿ, ನಾನು ಮಾಡುವುದನ್ನು ಹೇಳುತ್ತೇನೆ. ಎಕರೆಗೆ 4 ಕೆಜಿ ಪುಡಿ, 200 ಕೆಜಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಗೊಬ್ಬರ ಬಿಸಿ ಇರಬಾರದು. ಬೇವಿನ ಗಿಡದ ನೆರಳಿನಲ್ಲಿ ಕಲಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಚೀಲ ಮುಚ್ಚಿ 10 ದಿನ ಬಿಡುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಜೂನ್ ಕೊನೆ, ಜುಲೈ ಮೊದಲ ವಾರ, ಮಳೆ ಬಂದು ಹಸಿ ಇರುವಾಗ ಸಂಜೆ ಹೊತ್ತು ಕಬ್ಬಿನ ಬುಡಕ್ಕೆ ಹಾಕಿ ಮಣ್ಣು ಏರಿಸುತ್ತೇನೆ. ಬೇವಿನ ಗಿಡದ ಸುತ್ತಲೂ ಹಾಕುತ್ತೇನೆ. ರವದಿ ಸುಡುವುದಿಲ್ಲ, ಸಾಲಿನಲ್ಲೇ ಹೊದಿಸುತ್ತೇನೆ. ಅದರ ಕೆಳಗೆ ಹಸಿ ನಿಲ್ಲುತ್ತದೆ. ಆ ವಾರದಲ್ಲಿ ಶಿಲೀಂಧ್ರನಾಶಕ ಹತ್ತಿರ ತರುವುದಿಲ್ಲ.

ನಿಮ್ಮ ತಾಲೂಕಿನಲ್ಲೇ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿ ಕೇಳಿ, ನಿಮ್ಮ ಹೊಲಕ್ಕೆ ಸರಿಯಾದ ಪ್ರಮಾಣ ಹೇಳುತ್ತಾರೆ.

ಅಥಣಿ ಕಾಕಾ
ಜೂನ್ 15, ಬೆಳಗ್ಗೆ 5:50

ಇನ್ನೊಂದು ಸೇರಿಸಿ. ಕುಳೆ (ಕಡಿದ ಕಬ್ಬಿನ ಬುಡದಿಂದ ಬರುವ ಮರುಬೆಳೆ) ಮುಗಿದ ಹೊಲ ಆಳವಾಗಿ ನೇಗಿಲು ಹೊಡೆಯಿರಿ. ಹುಳು ತಿನ್ನಲು ಬೆಳ್ಳಕ್ಕಿ ಹಿಂದೆಯೇ ಬರುತ್ತವೆ. ಗೊಣ್ಣೆ ಹುಳು ಹತ್ತಿದ ಹೊಲದಲ್ಲಿ ಮತ್ತೆ ಕುಳೆ ಬಿಡಬೇಡಿ.

ಯರಿ ಹೊಲ, ಬೈಲಹೊಂಗಲ
ಆಗಸ್ಟ್ 23, ಸಂಜೆ 6:30

ಎರಡು ತಿಂಗಳಾಯಿತು ಬರೆದು. ಹೊಸ ಪೊಟ್ಟಣ ತಂದು, ಜೋಳದ ಪರೀಕ್ಷೆ ಮಾಡಿ, ಜುಲೈ 3ರಂದು ಬದುವಿನ ಪಕ್ಕದ ಎರಡು ಎಕರೆ ಕಬ್ಬಿಗೆ ಹಾಕಿದೆ. ಉಳಿದ ಎರಡು ಎಕರೆಗೆ ಗೊಬ್ಬರ ಸಾಲಲಿಲ್ಲ, ಹಾಗೇ ಬಿಟ್ಟೆ.

ನಿನ್ನೆ ಹಾಕಿದ ಕಡೆ 10 ಬುಡ, ಹಾಕದ ಕಡೆ 10 ಬುಡ ಅಗೆದು ನೋಡಿದೆ. ಹಾಕದ ಕಡೆ 23 ಹುಳು, ಎಲ್ಲವೂ ದಪ್ಪ, ಹಿಂಭಾಗದ ಚರ್ಮದೊಳಗೆ ತಿಂದ ಮಣ್ಣು ಕಪ್ಪಗೆ ಕಾಣುತ್ತಿತ್ತು. ಹಾಕಿದ ಕಡೆ 9. ಪೂರ್ತಿ ಹೋಗಿಲ್ಲ. ಆ 9ರಲ್ಲಿ ಮೂರು ಅಲುಗಾಡಲಿಲ್ಲ. ಮುಟ್ಟಿದರೆ ಮೆತ್ತಗಿಲ್ಲ, ಸೀಮೆಸುಣ್ಣದ ಹಾಗೆ ಬಿರುಸು. ನಾತವಿಲ್ಲ. ಅವನ್ನು ಊಟದ ಡಬ್ಬಿಯಲ್ಲಿ ಒದ್ದೆ ಪೇಪರ್ ಮೇಲೆ ಇಟ್ಟಿದ್ದೇನೆ. ಇವತ್ತು ಕಾಲಿನ ಸಂದಿಯಲ್ಲಿ, ಮೈಯ ಮಡಿಕೆಗಳಲ್ಲಿ ಬಿಳಿ ನೂಲು ಬಂದಿದೆ.

ಬೇವಿನ ಗಿಡ ಪೂರ್ತಿ ಚಿಗುರಿದೆ. ಕೆಂಪು ಎಲೆ ಹಸಿರಾಗಿವೆ. ಅವ್ವ ನಿನ್ನೆ ಆಡಿಗೆ ಒಂದು ಹೊರೆ ಕೊಯ್ದಳು.

ಕೀಟಶಾಸ್ತ್ರ ವಿದ್ಯಾರ್ಥಿನಿ
ಆಗಸ್ಟ್ 23, ರಾತ್ರಿ 8:00

ಬಿರುಸಾಗಿದೆ, ನಾತವಿಲ್ಲ ಅಂದರೆ ಒಳ್ಳೆ ಗುರುತು. ಬ್ಯಾಕ್ಟೀರಿಯಾದಿಂದ ಸತ್ತ ಹುಳು ಕಪ್ಪಾಗಿ ಕೊಳೆತು ನೀರಾಗುತ್ತದೆ. ಹಸಿರು ಬರುವವರೆಗೆ ಕಾಯಿರಿ, ಆಗ ಖಾತ್ರಿ. ಆದರೆ 10 ಬುಡದ ಲೆಕ್ಕ ಒಂದು ಹೊಲದ ಲೆಕ್ಕ. ಮುಂದಿನ ವರ್ಷವೂ ಅದೇ ಜಾಗದಲ್ಲಿ ಹೀಗೇ ಅಗೆದು ಎಣಿಸಿ, ಬರೆದಿಟ್ಟುಕೊಳ್ಳಿ.

ಯರಿ ಹೊಲ, ಬೈಲಹೊಂಗಲ
ಆಗಸ್ಟ್ 27, ಬೆಳಗ್ಗೆ 7:10

ಮೂರೂ ಹಸಿರಾದವು. ಪಾಚಿ ಹಿಡಿದ ಕಲ್ಲಿನ ಬಣ್ಣ. ಪಕ್ಕದ ಹೊಲದವರು ಬಂದು ನೋಡಿ ಹೋದರು. ಮುಂದಿನ ಮುಂಗಾರಿಗೆ ಅವರ 6 ಎಕರೆಗೂ ಹಾಕೋಣ, ಗೊಬ್ಬರ ನಾನೇ ಕೊಡುತ್ತೇನೆ ಅಂದಿದ್ದಾರೆ. ಈ ಡಬ್ಬಿ ಏನು ಮಾಡಲಿ? ಸುಡಲಾ?

ಹಸಿರು ಹುಡಿ, ಮುಧೋಳ
ಆಗಸ್ಟ್ 27, ಬೆಳಗ್ಗೆ 7:25

ಸುಡಬೇಡಿ ಅಣ್ಣಾರೇ. ಸಂಜೆ ಹೊತ್ತು ಒಯ್ದು, ಹಾಕದೆ ಬಿಟ್ಟ ಎರಡು ಎಕರೆಯಲ್ಲಿ ಕಬ್ಬಿನ ಬುಡಕ್ಕೆ ನಾಲ್ಕು ಬೆರಳು ಆಳದಲ್ಲಿ ಹೂಳಿ. ಮಣ್ಣು ಹಸಿ ಇರುವ ಕಡೆ ನೋಡಿ. ಡಬ್ಬಿ ಮಾತ್ರ ಮತ್ತೆ ಊಟಕ್ಕೆ ಬಳಸಬೇಡಿ.